ಸೆಕೆಂಡ್‌ಹ್ಯಾಂಡ್ ದೋಣಿಗೆಲ್ಲಿಯ ಆಷಾಢ

ನನ್ನ ಗಂಡ ನಿವೃತ್ತರಾದ ವರ್ಷ ನಮ್ಮ ಮನೆಗೆ ದೋಣಿ ಬಂತು. ಬೇರೆಯವರ ಮನೆಗಾದರೆ ದೊಡ್ಡ ಟಿವಿ ಬರುತ್ತದೆ, ಇಲ್ಲವೇ ಕಾಶಿಗೆ ಹೋಗುವ ರೈಲಿನ ಟಿಕೆಟ್ ಬರುತ್ತದೆ. ನಮ್ಮಲ್ಲಿ ಹಾಯಿದೋಣಿ, ಅದೂ ತನ್ನದೇ ಎರಡು ಚಕ್ರದ ಟ್ರೇಲರ್ ಸಮೇತ. ನಾವಿರುವುದು ಕೆ.ಆರ್. ನಗರದಲ್ಲಿ. ಸುತ್ತ ಭತ್ತದ ಗದ್ದೆ, ಅಕ್ಕಿ ಮಿಲ್ಲು. ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕು. ನಮ್ಮ ಬೀದಿಯವರು ಅಲ್ಲಿಯವರೆಗೆ ಹಾಯಿದೋಣಿ ನೋಡಿದ್ದು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ.

ನನ್ನ ಗಂಡ ಹುಣಸೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ತೇಲುವ ವಸ್ತು, ಮುಳುಗುವ ವಸ್ತು ಅಂತ ವರ್ಷ ವರ್ಷ ಪಾಠ ಮಾಡಿದರೇ ಹೊರತು ತಾವು ಮೊಣಕಾಲು ಮೀರಿದ ನೀರಿಗೆ ಇಳಿದವರಲ್ಲ. ಅವರ ತಲೆಗೆ ಈ ಹುಳ ಬಿಟ್ಟವನು ಬಾಲ್ಯದ ಗೆಳೆಯ, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನುಷ್ಯ. ಕೊಡಗಿನ ಒಂದು ಕಾಫಿ ತೋಟದಲ್ಲಿ ಯಜಮಾನರು ಎಲ್ಲವನ್ನೂ ಮಾರಿ ಹೊರಟಿದ್ದಾರೆಂದು ಹಳೆಯ ಮರದ ಸಾಮಾನು ನೋಡಲು ಹೋಗಿದ್ದವನು, ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ದೋಣಿಯನ್ನು ಕಂಡ. ಅಲ್ಲಿಂದಲೇ ಫೋನ್ ಮಾಡಿದ. "ಮಂಚ ಗಿಂಚ ಏನೂ ಚೆನ್ನಾಗಿಲ್ಲ ಕಣ್ಲಾ. ಒಂದು ದೋಣಿ ಅದೆ ನೋಡು, ರಾಜ್ನ ತರ ಅದೆ!"

ಮಂಚ ಕೊಳ್ಳಲು ಹೋದವನು ದೋಣಿ ಕೊಳ್ಳುವುದು, ಅದಕ್ಕೆ ಮೇಷ್ಟ್ರು ಪಾಲುದಾರರಾಗುವುದು, ಇದೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿದುಹೋಯಿತು. ನನ್ನ ಮಗಳ ಮದುವೆಗೆ ಸೀರೆ ಆರಿಸಲು ಇದೇ ಜನಕ್ಕೆ ಮೂರು ಅಂಗಡಿ ಸಾಲದಾಗಿತ್ತು.

ದೋಣಿ ತರಲು ಹೋದಾಗ ನಾನೂ ಗೆಳೆಯನ ಜೀಪಿನಲ್ಲಿದ್ದೆ. ತೋಟದ ಯಜಮಾನರು ತುಂಬ ವಯಸ್ಸಾದವರು. ಮೊಮ್ಮಗುವನ್ನು ಬೇರೆಯವರಿಗೆ ಒಪ್ಪಿಸುವ ಹಾಗೆ ಒಂದೊಂದು ಭಾಗವನ್ನೂ ಮುಟ್ಟಿ ತೋರಿಸಿ ವಿವರಿಸತೊಡಗಿದರು. ಇದು ಚುಕ್ಕಾಣಿ, ಇದು ನಡುವಿನ ಹಲಗೆ, ನೀರಿಗೆ ಇಳಿದ ಮೇಲೆ ಇದನ್ನು ಕೆಳಗೆ ತಳ್ಳಬೇಕು, ಇಲ್ಲದಿದ್ದರೆ ದೋಣಿ ಏಡಿಯ ಹಾಗೆ ಪಕ್ಕಕ್ಕೆ ಜಾರುತ್ತದೆ. ನನ್ನ ಗಂಡ ಮತ್ತು ಗೆಳೆಯ ಆ ಹೊತ್ತಿಗೆ ಜೀಪಿನ ಹಿಂದಿನ ಕೊಕ್ಕೆಗೆ ಟ್ರೇಲರ್ ಹೊಂದುತ್ತದೋ ಇಲ್ಲವೋ ಎಂಬ ಜಗಳದಲ್ಲಿದ್ದರು. ಕೇಳಿಸಿಕೊಂಡವಳು ನಾನೊಬ್ಬಳೇ. ನಾನು ಪ್ರಶ್ನೆ ಕೇಳಿದೆ, ಅವರು ಮತ್ತೆ ಹೇಳಿದರು. ಗಾಳಿಗೆ ಅಡ್ಡಲಾಗಿ ಹೋದರೆ ಹೋದ ದಾರಿಯಲ್ಲೇ ವಾಪಸ್ಸು ಬರಬಹುದು. ಭಯವಾದರೆ ಕೈಯಲ್ಲಿರುವ ಹಾಯಿಯ ಹಗ್ಗ ಬಿಟ್ಟುಬಿಡಿ, ಹಾಯಿ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ನಿಲ್ಲುತ್ತದೆ. "ಹೆದರಿದವರು ಹಗ್ಗವನ್ನು ಇನ್ನೂ ಬಿಗಿ ಹಿಡೀತಾರೆ, ಅದಕ್ಕೇ ಮಗುಚಿಕೊಳ್ತಾರೆ" ಎಂದರು. ನನಗೆ ಆ ಮಾತು ಹಿಡಿಸಿತು.

ದೋಣಿ ಕೆ.ಆರ್. ನಗರಕ್ಕೆ ಬಂದ ದಿನ ಗೇಟಿನೊಳಗೆ ಹೋಗಲಿಲ್ಲ. ವಿಜ್ಞಾನದ ಮೇಷ್ಟ್ರು ದೋಣಿಯ ಅಗಲವನ್ನು ಫೋನಿನಲ್ಲಿ ಕೇಳಿ ಗೇಟನ್ನು ಅಳೆದು ಇಟ್ಟುಕೊಂಡಿದ್ದರು, ಸರಿ. ಆದರೆ ಟ್ರೇಲರಿನ ಚಕ್ರಗಳು ದೋಣಿಯಿಂದ ಆಚೆಗೆ ಚಾಚಿಕೊಂಡಿರುತ್ತವೆ ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ. ಬೀದಿಯಲ್ಲಿ ಜನ ಸೇರಿದರು. ನಮ್ಮ ಕಡೆ ಟ್ರೇಲರ್ ಎಂದರೆ ಟ್ರ್ಯಾಕ್ಟರಿನ ಹಿಂದಿನದು, ಭತ್ತ ತುಂಬುವುದು. ಪಕ್ಕದ ಮಿಲ್ಲಿನವರು ದೋಣಿಯನ್ನೊಮ್ಮೆ ಸುತ್ತಿ ಬಂದು ಬಹಳ ಮರ್ಯಾದೆಯಿಂದ ಕೇಳಿದರು. "ಸಾರ್, ಟ್ರೇಲರ್ರು ಚೆನ್ನಾಗದೆ. ಎಷ್ಟು ಮೂಟೆ ಇಡೀತದೆ?" ನನ್ನ ಗಂಡ ಗೇಟನ್ನು ಮತ್ತೊಮ್ಮೆ ಅಳೆಯತೊಡಗಿದರು.

ಹೀಗಾಗಿ ದೋಣಿ ನನ್ನ ತವರಿಗೆ ಹೋಯಿತು. ನನ್ನ ತವರು ಹೊಸ ಅಗ್ರಹಾರದಿಂದ ಆಚೆ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಅಂಚಿನಲ್ಲಿರುವ ಹಳ್ಳಿ. ತಮ್ಮನ ಕಣದ ಕೆಳಗೆ ಒಂದು ಬೀಳು ಜಾಗವಿದೆ. ದೋಣಿಯನ್ನು ಅಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟರು.

ಆಮೇಲೆ ಶುರುವಾಯಿತು ಯೋಜನೆ. ಯುಗಾದಿಯಿಂದ ಹಿಡಿದು ಮುಂಗಾರಿನವರೆಗೆ ನಮ್ಮ ಜಗಲಿಯಲ್ಲಿ ನಡೆದದ್ದು ಒಂದೇ ಮಾತು, ಪ್ರವಾಸ. ಮೊದಲ ಯೋಜನೆ ಕೆ.ಆರ್. ನಗರದ ಸೇತುವೆಯ ಬಳಿ ಕಾವೇರಿಗೆ ಇಳಿದು ಹಾಗೇ ತೇಲಿಕೊಂಡು ಹಿನ್ನೀರು ಸೇರುವುದು. ಇಬ್ಬರೂ ಹೋಗಿ ಸೇತುವೆಯ ಮೇಲಿಂದ ಬಗ್ಗಿ ನೋಡಿ ಬಂದರು. ಬೇಸಿಗೆಯಲ್ಲಿ ಅಲ್ಲಿ ನೀರಿಗಿಂತ ಬಂಡೆ ಹೆಚ್ಚು. ಬಂಡೆಯ ಮೇಲೆ ಎಮ್ಮೆಗಳು ಮಲಗಿರುತ್ತವೆ. ಗೆಳೆಯನಿಗೆ ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರಿಗೆ ಹೋಗಿ ಆನೆಗಳಿಗೆ ಹಾಯಿದೋಣಿ ತೋರಿಸುವ ಆಸೆ. ಕಾಡಿನೊಳಗಿನ ನೀರಿಗೆ ಯಾರ ಅಪ್ಪಣೆ ಕೇಳಬೇಕು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಕೊನೆಗೆ ದೋಣಿ ಎಲ್ಲಿದೆಯೋ ಅಲ್ಲಿಂದಲೇ ಹೊರಡುವುದು ಎಂದು ತೀರ್ಮಾನವಾಯಿತು. ಇದಕ್ಕೆ ಅಷ್ಟು ದಿನ, ಅಷ್ಟು ಕಾಫಿ. ಕಾಫಿ ಮಾಡಿದವಳು ನಾನಾದ್ದರಿಂದ ಇದನ್ನು ಹೇಳುವ ಅಧಿಕಾರ ನನಗಿದೆ.

ಸಾಮಾನು ಕೊಳ್ಳಲು ಮೈಸೂರಿಗೆ ಹೋದರು. ಅಂಗಡಿಯಲ್ಲಿ ಗೆಳೆಯ "ದೋಣಿಗೆ ಅಗ್ಗ ಬೇಕು, ಒಳ್ಳೆ ಅಗ್ಗ ತೋರ್ಸಿ" ಎಂದನಂತೆ. ಅಂಗಡಿಯ ಹುಡುಗಿ ನಗರದವಳು, ಅಗ್ಗದವುಗಳನ್ನೇ ಒಂದೊಂದಾಗಿ ತಂದು ಮುಂದಿಟ್ಟಳಂತೆ. ಮೇಷ್ಟ್ರು ನಡುವೆ ಬಾಯಿ ಹಾಕಿ ಹಕಾರದ ಮೇಲೆ ಒಂದು ಪಾಠ ಮಾಡಿದರು. ಅಷ್ಟಾಗಿಯೂ ಮನೆಗೆ ಬಂದದ್ದು ಬಟ್ಟೆ ಒಣಹಾಕುವ ನೈಲಾನ್ ದಾರ. ಜೊತೆಗೆ ಎರಡು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಮತ್ತು ಒಂದು ದೊಡ್ಡ ಐಸ್ ಬಾಕ್ಸ್.

ಎರಡು ಜಾಕೆಟ್. ನಾನು ಎಣಿಸಿ ನೋಡಿದೆ. "ನನಗೆ?" ಎಂದೆ.

ಗಂಡ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಉತ್ತರ ಇಲ್ಲದಾಗ ಕನ್ನಡಕ ಕೊಳೆಯಾಗುತ್ತದೆ. "ದೋಣಿ ಮೂರೇ ಜನ ಹಿಡಿಯೋದು ಕಣೆ. ನಾವಿಬ್ಬರು, ಮೂರನೇ ಜಾಗಕ್ಕೆ ಐಸ್ ಬಾಕ್ಸು. ನೀನು ನಿನ್ನ ತಮ್ಮನ ಕಾರಲ್ಲಿ ಬುತ್ತಿ ತಗೊಂಡು ಆ ದಡಕ್ಕೆ ಬಂದ್ಬಿಡು. ನಾವು ಬರೋ ಹೊತ್ತಿಗೆ ಊಟ ರೆಡಿ ಇರುತ್ತೆ."

ಗೆಳೆಯ ಸಮಾಧಾನ ಮಾಡಿದ. "ಅಕ್ಕಾ, ನೀವು ಮಾಡೋ ನಾಟಿ ಕೋಳಿ ಸಾರು ಇಲ್ದೆ ಟ್ರಿಪ್ಪೇ ಇಲ್ಲ ಕಣಕ್ಕಾ."

ಐಸ್ ಬಾಕ್ಸಿಗಿಂತ ನಾನು ಕಡಿಮೆಯಾದೆ ಎಂದು ಅವತ್ತು ಕೋಪ ಬಂತು. ಕೋಪಕ್ಕಿಂತ ಹೆಚ್ಚಾಗಿ ದುಃಖವಾಯಿತು. ನಾನು ಹುಟ್ಟಿದ್ದು ಆ ನೀರಿನ ಪಕ್ಕ. ಅಣ್ಣ ತಮ್ಮಂದಿರು ಮಧ್ಯಾಹ್ನವೆಲ್ಲ ಈಜಿದರು, ತೆಪ್ಪ ಹತ್ತಿ ಮೀನಿನವರ ಜೊತೆ ಆಚೆ ದಡದವರೆಗೆ ಹೋಗಿ ಬಂದರು. ಹೆಣ್ಣುಮಕ್ಕಳಿಗೆ ಒಗೆಯುವ ಕಲ್ಲಿನವರೆಗೆ ಮಾತ್ರ ನೀರು. ಆಚೆ ದಡದಿಂದ ನಮ್ಮೂರು ಹೇಗೆ ಕಾಣುತ್ತದೆ ಎಂದು ತಮ್ಮ ಹೇಳುತ್ತಿದ್ದ, ನಾನು ಸೋಪಿನ ಕೈಯಲ್ಲಿ ಕೇಳುತ್ತಿದ್ದೆ. ನನಗೆ ಒಂದು ಸಲ ಆ ನೀರಿನ ನಡುವೆ ಹೋಗಬೇಕಿತ್ತು. ಅಷ್ಟೇ ಆಸೆ. ದೋಣಿ ನಮ್ಮದೇ ಆದ ಮೇಲೂ ಅದು ಆಗುವುದಿಲ್ಲ ಎಂದರೆ ಇನ್ನು ಯಾವಾಗ?

ಬೇಸಿಗೆಯ ಕೊನೆಗೆ ಒಂದು ಸಲ ದೋಣಿ ಇಳಿಸುವ ಪ್ರಯತ್ನ ನಡೆಯಿತು. ನೀರು ಬೀಳು ಜಾಗದಿಂದ ಬಹಳ ಕೆಳಗೆ ಹೋಗಿತ್ತು. ಜೀಪು ಅರ್ಧ ದಾರಿಯಲ್ಲಿ ಕೆಸರಿನಲ್ಲಿ ಕೂತಿತು. ಅದನ್ನು ತಮ್ಮನ ಟ್ರ್ಯಾಕ್ಟರು ಎಳೆದು ಮೇಲೆ ತಂದಿತು. ಬಂದದ್ದಕ್ಕೆ ಹಾಯಿಯನ್ನಾದರೂ ಏರಿಸಿ ನೋಡೋಣ ಎಂದು ಕಣದಲ್ಲೇ ಏರಿಸಿದರು. ಒಂದು ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ. ಹಾಯಿ ಒಗೆದು ಹಾಕಿದ ಪಂಚೆಯ ಹಾಗೆ ಜೋತುಬಿತ್ತು. ಊರಿನವರು ಸುತ್ತ ನಿಂತು ನೋಡಿದರು. "ಯಾರ್ ಮದ್ವೆ ಸಾಮಿ? ಸಾಮಿಯಾನ ಒಂದೇ ಕಂಬದ್ದು ಆಕಿದ್ದೀರಿ" ಎಂದು ಅಜ್ಜನೊಬ್ಬ ವಿಚಾರಿಸಿಕೊಂಡ.

ಆಮೇಲೆ ಗಾಳಿ ಬಂತು. ನಮ್ಮ ಸೀಮೆಯಲ್ಲಿ ಗಾಳಿ ಬರುವುದು ಒಂದೇ ಕಾಲದಲ್ಲಿ. ಚಾವಣಿಯ ಶೀಟು ಹಾರುತ್ತದೆ, ಬಾಳೆಗಿಡದ ಎಲೆ ಸೀಳುಸೀಳಾಗುತ್ತದೆ, ಒಣಹಾಕಿದ ಸೀರೆ ಪಕ್ಕದ ಮನೆಯ ತಾರಸಿ ಸೇರುತ್ತದೆ. ಗೆಳೆಯ ಹೊಗೆಸೊಪ್ಪಿನ ಹೊಲದಿಂದಲೇ ಫೋನಿನಲ್ಲಿ ಕೂಗಿದ, "ಗಾಳಿ ಬಂತು ಕಣ್ಲಾ, ಒಂಟೋಗನ ನಡಿ!" ನನ್ನ ಗಂಡ ಜಾಕೆಟ್ ತೊಟ್ಟು ಕನ್ನಡಿಯ ಮುಂದೆ ನಿಂತರು. ಆಗ ನಡುಮನೆಯಿಂದ ನನ್ನ ಅತ್ತೆ, ಎಂಬತ್ತು ದಾಟಿದವರು, ಮೊರದಲ್ಲಿ ರಾಗಿ ಹಸನು ಮಾಡುತ್ತಾ ತಲೆಯೆತ್ತದೆ ಹೇಳಿದರು.

"ಆಸಾಡ ಕಣ್ಲಾ ಇದು. ಆಸಾಡ್ದಲ್ಲಿ ಯಾರಾದ್ರೂ ಒಸ ಕೆಲ್ಸ ಸುರು ಮಾಡ್ತಾರಾ? ಪೂಜೆ ಇಲ್ಲ, ಒಂದ್ ಕಾಯಿ ಒಡ್ದಿಲ್ಲ. ಸ್ರಾವಣ ಬರ್ಲಿ, ಒಳ್ಳೆ ದಿನ ನೋಡಿ ಇಳಿಸ್ಕೊ."

ಅಲ್ಲಿಗೆ ನಮ್ಮ ಸಮಸ್ಯೆ ಸ್ಪಷ್ಟವಾಯಿತು. ಹಾಯಿದೋಣಿಗೆ ಗಾಳಿ ಬೇಕು. ಗಾಳಿ ಬರುವುದು ಆಷಾಢದಲ್ಲಿ. ಆಷಾಢದಲ್ಲಿ ಹೊಸದೇನನ್ನೂ ಶುರು ಮಾಡುವಂತಿಲ್ಲ. ಶ್ರಾವಣದಲ್ಲಿ ಏನನ್ನು ಬೇಕಾದರೂ ಶುರು ಮಾಡಬಹುದು, ಗಾಳಿ ಮಾತ್ರ ದಿನದಿನಕ್ಕೆ ಇಳಿದುಹೋಗುತ್ತದೆ. ಇಡೀ ಮೈಸೂರು ಸೀಮೆಯಲ್ಲಿ ಇದನ್ನು ಯೋಚಿಸದೆ ಹಾಯಿದೋಣಿ ಕೊಂಡವರು ಇವರಿಬ್ಬರೇ ಇರಬೇಕು.

ಮೂಢನಂಬಿಕೆಯ ವಿರುದ್ಧ ನನ್ನ ಗಂಡ ಮಾಡಿದ ಭಾಷಣಗಳನ್ನು ಕೇಳಿದವರು ಹುಣಸೂರಿನಲ್ಲಿ ಇನ್ನೂ ಇದ್ದಾರೆ. ಗ್ರಹಣದ ದಿನ ಮಕ್ಕಳ ಮುಂದೆ ನಿಂತು ಮಂಡಕ್ಕಿ ತಿಂದ ಮನುಷ್ಯ. ಅವತ್ತು ಅವರು ವಾದ ಮಾಡಲಿಲ್ಲ. ಕಿಟಕಿಯಾಚೆ ತೆಂಗಿನ ಗರಿಗಳು ಹೊಯ್ದಾಡುವುದನ್ನು ಒಂದು ಗಳಿಗೆ ನೋಡಿದರು. ಜಾಕೆಟ್ಟಿನ ಬಕಲ್ ಬಿಚ್ಚಿದರು. "ಅಮ್ಮನ ಮನಸ್ಸು ಯಾಕೆ ನೋಯಿಸೋದು" ಎಂದರು. ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಮೊದಲು ನೋಡಿದ್ದು ಅವರ ಇಸಿಜಿ ನಾರ್ಮಲ್ ಬಂದ ದಿನ. ಆಷಾಢಕ್ಕೆ ಅಂಥ ಭಕ್ತರು ಬೇರೆ ಸಿಕ್ಕಿರಲಾರರು.

ಕೊಡಗಿನಲ್ಲಿ ಮಳೆ ಹಿಡಿಯಿತು, ಕಟ್ಟೆಗೆ ನೀರು ಬರತೊಡಗಿತು. ಒಂದು ಬೆಳಿಗ್ಗೆ ತಮ್ಮ ಫೋನ್ ಮಾಡಿದ. "ಅಕ್ಕಾ, ನೀರು ಏರ್ತಾ ಅದೆ. ದೋಣಿ ಗಾಡಿ ಚಕ್ರದ ತಂಕ ಬಂದದೆ. ನಾನ್ ಭೇರ್ಯದ ಕಡೆ ಒಂಟಿವ್ನಿ, ಸಂಜೆ ತಂಕ ಬರಾಕಿಲ್ಲ. ಭಾವುಂಗೆ ಯೋಳು." ಭಾವನಿಗೆ ಹೇಳಿದೆ. ಭಾವ ಪೇಪರು ಮಡಿಸದೆ "ಆಷಾಢದಲ್ಲಿ ಅದನ್ನ ಮುಟ್ಟೋದು ಬೇಡ, ಅದೇನು ಕರಗಿಹೋಗಲ್ಲ" ಎಂದರು.

"ಸರಿ. ನಾನು ಆಷಾಢಕ್ಕೆ ತವರಿಗೆ ಹೋಗಿಬರ್ತೀನಿ" ಎಂದೆ.

ಗಂಡ ನಕ್ಕರು. ಆಷಾಢಕ್ಕೆ ತವರಿಗೆ ಹೋಗುವುದು ಹೊಸದಾಗಿ ಮದುವೆಯಾದವರು, ಅತ್ತೆ ಸೊಸೆ ಒಂದೇ ಹೊಸ್ತಿಲು ತುಳಿಯಬಾರದು ಎಂದು. ನನಗೆ ಮೊಮ್ಮಗ ಹುಟ್ಟಿ ನಡೆದಾಡುತ್ತಿದ್ದಾನೆ. ಆದರೆ ಶಾಸ್ತ್ರ ಎತ್ತಿದವರು ಅತ್ತೆ. ಈಗ ಬೇಡ ಅನ್ನುವುದು ಹೇಗೆ? ಅವರು ಮೊರ ಕೊಡವುತ್ತಾ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಓಗ್ಲಿ ಬುಡ್ಲಾ, ಪದ್ಧತಿ ಅದು" ಎಂದರು. ನಾನು ಬ್ಯಾಗಿಗೆ ಒಂದು ಸೀರೆ, ಒಂದು ಟವೆಲು, ಸೀರೆಯ ಕೆಳಗೆ ಎರಡೂ ಜಾಕೆಟ್ ತುರುಕಿ ಬಸ್ಸು ಹತ್ತಿದೆ.

ತಮ್ಮನ ಹೆಂಡತಿ ಕಣದಲ್ಲಿ ನಿಂತು ಕಾಯುತ್ತಿದ್ದಳು. ದೋಣಿಯ ಹಿಂಭಾಗ ಆಗಲೇ ನೀರಿನಲ್ಲಿ ಮೆಲ್ಲಗೆ ಕುಣಿಯುತ್ತಿತ್ತು, ಮುಂಭಾಗ ಮಾತ್ರ ಟ್ರೇಲರಿಗೆ ಕಟ್ಟಿಕೊಂಡಿತ್ತು. ಇನ್ನೊಂದು ಗೇಣು ನೀರು ಬಂದರೆ ಅದೇ ಹೊರಟುಹೋಗುವ ಹಾಗಿತ್ತು. ಅವಳ ಕೈಗೆ ಜಾಕೆಟ್ ಕೊಟ್ಟೆ. ಅವಳು ಅದನ್ನೂ ನನ್ನನ್ನೂ ನೋಡಿದಳು.

"ಅತ್ಗೆ, ಆಸಾಡ ಅಲ್ವಾ? ಒಸ ದೋಣಿ..."

"ಎಲ್ಲಿಯ ಹೊಸದೇ? ಸೆಕೆಂಡ್‌ಹ್ಯಾಂಡ್. ಆ ಕೊಡಗಿನ ಯಜಮಾನರು ಯಾವ ಕಾಲದಲ್ಲೋ ಪೂಜೆ ಮಾಡಿ ಇಳಿಸಿ ಓಡಾಡಿ ಮುಗಿಸಿದಾರೆ. ಇಳಿಸ್ತಿರೋದೂ ನಾವಲ್ಲ, ನೀರೇ ಬಂದು ಕರೀತಿದೆ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳೂ ಆ ದಂಡೆಯ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೀರನ್ನು ಹಿತ್ತಲಿನಿಂದಲೇ ನೋಡಿದವಳು. ಹೆಚ್ಚು ಹೇಳಬೇಕಾಗಲಿಲ್ಲ.

ಗಂಟು ಬಿಚ್ಚಿದೆವು, ನೂಕಿದೆವು, ಹತ್ತಿದೆವು. ಹತ್ತುವಾಗ ಇಬ್ಬರೂ ಒಂದೇ ಕಡೆ ಬಿದ್ದು ಮೊಳಕೈ ತರಚಿತು. ಹಲಗೆ ಕೆಳಗೆ ತಳ್ಳಿದೆ, ಹಾಯಿ ಏರಿಸಿದೆ. ಹಾಯಿಯ ಬುಡದ ಅಡ್ಡಗೋಲು ಬೀಸಿ ಬಂದು ನನ್ನ ತಲೆಗೆ ಸರಿಯಾಗಿ ಒಂದು ಕೊಟ್ಟಿತು. ತಮ್ಮನ ಹೆಂಡತಿ ಅಯ್ಯೋ ಎಂದವಳು ನಗತೊಡಗಿದಳು, ನಿಲ್ಲಿಸಲಾಗಲಿಲ್ಲ. ನಾನು ಹಗ್ಗ ಎಳೆದೆ. ಆ ಗಾಳಿ, ವರ್ಷವೂ ನಮ್ಮ ಬಟ್ಟೆ ಹಾರಿಸಿ ಕಣ್ಣಿಗೆ ಧೂಳು ಹಾಕುವ ಅದೇ ಗಾಳಿ, ಹಾಯಿಯೊಳಗೆ ಬಂದು ಕೂತಿತು. ದೋಣಿ ಒಂದು ಕಡೆ ವಾಲಿ ಹೊರಟಿತು.

ಇಷ್ಟು ಜೋರಾಗಿ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ನಗು ನಿಲ್ಲಿಸಿ ಎಲ್ಲ ದೇವರನ್ನೂ ಹೆಸರು ಹಿಡಿದು ಕರೆಯತೊಡಗಿದಳು. ನೀರು ಅಂಚಿನ ಮೇಲೆ ಹಾರಿ ಮಡಿಲಿಗೆ ಬಿತ್ತು. ಬೆರಳುಗಳು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡುಬಿಟ್ಟಿದ್ದವು. ಆಗ ಆ ಹಿರಿಯರ ಮಾತು ನೆನಪಾಗಿ ಕೈ ಸಡಿಲಿಸಿದೆ. ಹಾಯಿ ಪಟಪಟ ಬಡಿದುಕೊಂಡಿತು, ದೋಣಿ ನೆಟ್ಟಗಾಗಿ ಸುಮ್ಮನೆ ನಿಂತಿತು. ಅವರು ಹೇಳಿದ ಹಾಗೇ ಆಯಿತು.

ನಿಂತ ಮೇಲೆ ತಿರುಗಿ ನೋಡಿದೆ. ನಮ್ಮೂರು ಕಾಣುತ್ತಿತ್ತು. ಕಣ, ಒಗೆಯುವ ಕಲ್ಲಿರುವ ಜಾಗ, ಹುಣಸೆಮರ, ನಮ್ಮ ಮನೆಯ ಹೆಂಚು. ಎಲ್ಲ ಚಿಕ್ಕದಾಗಿತ್ತು. ನನ್ನನ್ನು ಅಷ್ಟು ವರ್ಷ ಹಿಡಿದಿಟ್ಟ ದಡ ಅಷ್ಟೇ ಉದ್ದವಿತ್ತು. ನನಗೆ ಅಳು ಬಂತು, ಸಂತೋಷಕ್ಕೇ ಬಂತು. ಅವಳು "ಅತ್ಗೆ, ಇನ್ನೊಂದ್ ಕಿತ ಎಳೀರಿ" ಎಂದಳು. ಎಳೆದೆ. ಆಚೆ ದಡದ ಜೋಳದ ಹೊಲದವರೆಗೆ ಹೋದೆವು, ಗಾಳಿಗೆ ಅಡ್ಡಲಾಗಿ ಅದೇ ದಾರಿಯಲ್ಲಿ ವಾಪಸ್ಸು ಬಂದೆವು. ಬರುವಾಗ ಚುಕ್ಕಾಣಿ ಅವಳು ಹಿಡಿದಳು. ಕಣದ ಅಂಚಿನ ಹುಣಸೆಮರಕ್ಕೆ ದೋಣಿ ಕಟ್ಟಿ, ಮನೆಗೆ ಹೋಗಿ ಬಿಸಿ ಮುದ್ದೆ ಉಂಡೆವು.

ಸುದ್ದಿ ನನಗಿಂತ ಮುಂಚೆ ಕೆ.ಆರ್. ನಗರ ಮುಟ್ಟಿತ್ತು. ನಾನು ಹೊಸ್ತಿಲು ದಾಟುವಾಗ ಗಂಡ ಕನ್ನಡಕ ಒರೆಸುತ್ತಿದ್ದರು. "ನನಗೊಂದು ಮಾತು ಹೇಳಬೇಕು ಅನ್ನಿಸಲಿಲ್ಲವಾ? ಈಜು ಬರಲ್ಲ ನಿನಗೆ. ಏನಾದರೂ ಆಗಿದ್ದರೆ?" ಅದರಲ್ಲಿ ಹೆದರಿಕೆ ನಿಜವಾಗಿತ್ತು, ನಾನು ತಲೆ ತಗ್ಗಿಸಿ ಕೇಳಿದೆ. ಆದರೆ ಮರುಗಳಿಗೆಯೇ, "ಗಾಳಿ ಯಾವ ಕಡೆಯಿಂದ ಇತ್ತು? ಎಷ್ಟು ವಾಲಿತು?" ಎಂದು ಶುರುವಾಯಿತು. ಅರ್ಧ ಗಂಟೆಯೊಳಗೆ ಗೆಳೆಯನಿಗೆ ಫೋನಿನಲ್ಲಿ ಹೇಳುತ್ತಿದ್ದರು. "ಟ್ರಯಲ್ ರನ್ ಮುಗಿದಿದೆ ಕಣೋ. ನಮ್ಮ ಲೆಕ್ಕ ಎಲ್ಲಾ ಸರಿಯಾಗಿದೆ. ಶ್ರಾವಣದಲ್ಲಿ ಪೂಜೆ ಮಾಡಿ ಶಾಸ್ತ್ರೋಕ್ತವಾಗಿ ಇಳಿಸೋಣ." ಮಾತಾಡುತ್ತಾ ತಾರಸಿ ಹತ್ತಿ ಹೋದರು.

ಅತ್ತೆಗೆ ನಾನು ಹೆದರಿದ್ದೆ. ಶಾಸ್ತ್ರವನ್ನು ಅವರ ಬಾಯಿಂದಲೇ ತೆಗೆದು ಅವರ ಮೇಲೇ ತಿರುಗಿಸಿದ್ದೆನಲ್ಲ. ಹಿತ್ತಲಲ್ಲಿ ಅವರ ಪಕ್ಕ ಕೂತೆ. ಮದುವೆಯಾಗಿ ಬಂದಾಗಿನಿಂದ ಅವರು ಕಾವೇರಿಯ ಮೆಟ್ಟಿಲಲ್ಲಿ ಬಟ್ಟೆ ಒಗೆದವರು, ಗೌರಿ ಬಿಟ್ಟವರು, ಮಾವನವರ ಅಸ್ಥಿ ಬಿಟ್ಟವರು. ಸೇತುವೆಯ ಮೇಲೆ ಬಸ್ಸಿನಲ್ಲಿ ದಾಟಿದ್ದು ಬಿಟ್ಟರೆ ಅದರ ನಡುವನ್ನು ಕಂಡವರಲ್ಲ. ಮೇಲೆ ತಾರಸಿಯಲ್ಲಿ ಮಗನ ದನಿ ಕೇಳುತ್ತಿತ್ತು.

"ನಡುನೀರ್ನಲ್ಲಿ ಒಟ್ಟೆ ತೊಳಸ್ತದಾ?" ಎಂದರು.

"ಇಲ್ಲ ಅತ್ತೆ. ಮೊದಲು ಹೆದರಿಕೆ ಆಗುತ್ತೆ. ಆಮೇಲೆ ಹಿತವಾಗಿರುತ್ತೆ."

"ದೋಣಿ ಅತ್ತಾಕೆ ಎತ್ರ ಅದಾ?"

"ಹಿಡಿದು ಹತ್ತಿಸಬಹುದು."

ಅವರು ಮೊರವನ್ನು ಗೋಡೆಗೆ ಒರಗಿಸಿದರು. ತಾರಸಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಅಂಗಾರೆ ಆಸಾಡ ಮುಗ್ಯಾದ್ರೊಳ್ಗೆ ಒಂದ್ ದಿನ ನನ್ನೂ ನಿನ್ ತವ್ರಿಗೆ ಕರ್ಕೊಂಡೋಗವ್ವ. ಸ್ರಾವಣ ಬಂದ್ರೆ ಅವ್ನೂ ಬತ್ತಾನೆ."